ಗಲ್ಫಿಗೆ ಹೋಗಿ ನೊಣ ನೋಡಿದ್ದು

ಮಂಗಲ್ಪಾಡಿ

ನಮ್ಮ ಮಂಗಲ್ಪಾಡಿಯಿಂದ ಗಲ್ಫಿಗೆ ಹೋಗುವುದು ದೊಡ್ಡ ಸಂಗತಿಯೇ ಅಲ್ಲ. ಬೇರೆ ಊರಿನವರು ತಾಲೂಕು ಕಚೇರಿಗೆ ಹೋಗಿ ಬಂದಷ್ಟು ಸಲೀಸಾಗಿ ನಮ್ಮವರು ದುಬೈಗೆ ಹೋಗಿ ಬರುತ್ತಾರೆ. ದುಡಿಯಲು ಹೋದವರಿದ್ದಾರೆ, ಮಗಳ ಬಾಣಂತನಕ್ಕೆ ಹೋದವರಿದ್ದಾರೆ, ಭಾವನ ಹತ್ತಿರ ಜಗಳವಾಡಿ ಹೋದವರೂ ಇದ್ದಾರೆ. ಆದರೆ ನೊಣ ನೋಡಲು ಹೋದವಳು ನಾನೊಬ್ಬಳೇ ಎಂದು ಧೈರ್ಯವಾಗಿ ಹೇಳಬಲ್ಲೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ಹೆಸರು ಸುಜಾತ. ಆದರೆ ನಮ್ಮದು ಕೇರಳಕ್ಕೆ ಸೇರಿದ ಕನ್ನಡದ ಊರು, ಕೇರಳದಲ್ಲಿ ಟೀಚರಾದವಳಿಗೆ ಹೆಸರು ಉಳಿಯುವುದಿಲ್ಲ. ಮೀನು ಮಾರುವವರಿಂದ ಹಿಡಿದು ನನ್ನ ಅತ್ತೆಯವರೆಗೆ ಎಲ್ಲರಿಗೂ ನಾನು ಟೀಚರ್. ಈಚೆಗೆ ಅದಕ್ಕೊಂದು ಬಾಲ ಸೇರಿಕೊಂಡು ‘ನೊಣದ ಟೀಚರ್’ ಆಗಿದ್ದೇನೆ.

ಅದಕ್ಕೆ ಕಾರಣ ನಮ್ಮ ಮನೆಯ ಹಿಂದಿನ ತೋಡು. ನಾಗಬನದ ಮರಗಳ ನಡುವಿನಿಂದ ಇಳಿದು ಬರುವ ಸಣ್ಣ ನೀರು ಅದು. ಮಳೆಗಾಲದಲ್ಲಿ ಅದರ ಒದ್ದೆ ಕಲ್ಲುಗಳ ಮೇಲೆ ಹಸಿರಾಗಿ ಮಿನುಗುವ ನೊಣಗಳು ಬರುತ್ತವೆ. ಅಕ್ಕಿಕಾಳಿಗಿಂತ ಚಿಕ್ಕವು. ಮೀನಿನ ಬುಟ್ಟಿಗೆ ಮುತ್ತುವ ನೊಣ ಕುಕ್ಕರುಗಾಲಲ್ಲಿ ಕೂತು ಕೈ ಉಜ್ಜುತ್ತದೆ. ಇದು ಹಾಗಲ್ಲ. ಉದ್ದನೆಯ ಕಾಲುಗಳ ಮೇಲೆ ಎದೆಯೆತ್ತಿ ನಿಲ್ಲುತ್ತದೆ, ಮದುವೆ ಮನೆಯಲ್ಲಿ ಬಡಿಸುವ ಉಸ್ತುವಾರಿ ವಹಿಸಿಕೊಂಡ ದೊಡ್ಡಪ್ಪನ ಹಾಗೆ. ಎಂಜಲಿಗೆ ಬಾಯಿ ಹಾಕುವುದಿಲ್ಲ. ತನಗಿಂತ ಚಿಕ್ಕದಾದ, ಮೆತ್ತನೆಯ ಮೈಯ ಹುಳಗಳನ್ನು ಬೇಟೆಯಾಡಿ ತಿನ್ನುತ್ತದೆ. ಸೊಳ್ಳೆಯ ಮರಿ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ.

ಇವುಗಳನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ನೆರಳು ಬೀಳದ ಹಾಗೆ, ನೀರಿಗೆ ಮುಖ ಮಾಡಿ, ಕಲ್ಲಿನ ಮಟ್ಟಕ್ಕೆ ತಲೆ ತಗ್ಗಿಸಬೇಕು. ರೆಕ್ಕೆಯ ಮೇಲೆ ಕಪ್ಪು ಮಚ್ಚೆ ಇದೆಯೇ, ಮುಖ ಬೆಳ್ಳಿಯೇ, ಹೊಟ್ಟೆಯ ತುದಿ ಕೆಳಗೆ ಮಡಚಿಕೊಂಡಿದೆಯೇ ಎಂದು ನೋಡಬೇಕು. ಮಡಚಿಕೊಂಡಿದ್ದರೆ ಗಂಡು. ಒಂದು ಬಗೆಯಲ್ಲಿ ಗಂಡಿನ ಮುಂಗಾಲಿನ ತುದಿ ಬಿಳಿ, ಚಪ್ಪಟೆ. ಹೆಣ್ಣಿನ ಮುಂದೆ ನಿಂತು ಆ ಬಿಳಿ ಪಾದವನ್ನು ಎತ್ತಿ ಎತ್ತಿ ಬೀಸುತ್ತದೆ. ಆ ಕುಣಿತವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಅದು ಪಾದ ಎತ್ತುವ ಹೊತ್ತಿಗೆ ಸರಿಯಾಗಿ ನನಗೆ ರಕ್ತ ಹೀರುವ ಉಂಬುಳ ಕಚ್ಚುತ್ತದೆ. ಇಲ್ಲವಾದರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಟೀಚರ್, ಹಾಲು ಉಕ್ಕಿತು!” ಎಂದು ಬೊಬ್ಬೆ ಹೊಡೆಯುತ್ತಾರೆ. ಹಾಲು ಉಕ್ಕುವುದನ್ನು ನಿಂತು ನೋಡುವಷ್ಟು ವ್ಯವಧಾನ ಇರುವವರು ಒಲೆ ಆರಿಸಬಹುದಿತ್ತು ಎಂದು ನಾನು ಈವರೆಗೆ ಹೇಳಿಲ್ಲ.

ಹೀಗಿರುವಾಗ ಕದೀಜಳ ಫೋನ್ ಬಂತು. ಉಪ್ಪಳದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಅವಳ ಗಂಡ ಅಬ್ಬಾಸರದು ಒಮಾನ್ ದೇಶದ ಸಲಾಲದಲ್ಲಿ ಒಂದು ಕೆಫೆಟೇರಿಯ. ಚಾ, ಪೊರೋಟ, ಜ್ಯೂಸು ಮಾರುವ ಸಣ್ಣ ಅಂಗಡಿ.

“ಅಂಗಡಿಯಲ್ಲಿ ನೊಣ ಮಾರಾಯ್ತಿ,” ಎಂದಳು. “ಬಲದಿಯದವರು ಬಂದು ಒಮ್ಮೆ ವಾರ್ನಿಂಗ್ ಕೊಟ್ಟು ಹೋಗಿದ್ದಾರೆ. ಇನ್ನೊಮ್ಮೆ ಬರುವಾಗ ನೊಣ ಕಂಡ್ರೆ ಶಟರ್ ಎಳೀತಾರಂತೆ. ಎಳೆದ್ರೆ ಮತ್ತೆ ತೆಗೀಲಿಕ್ಕೆ ನಮ್ಮ ಹತ್ರ ಎಂತದ್ದೂ ಇಲ್ಲ. ಇವರಿಗೆ ನಿದ್ದೆ ಇಲ್ಲ.”

“ಬಲದಿಯ ಅಂದ್ರೆ ಎಂತದು?”

“ನಮ್ಮ ಪಂಚಾಯತ್ ಇದ್ದ ಹಾಗೆ. ಆದ್ರೆ ಹೇಳಿದ್ದನ್ನು ಮಾಡ್ತದೆ.”

“ನಾನು ನೊಣ ಓಡಿಸುವವಳಲ್ಲ ಕದೀಜ, ನೋಡುವವಳು.”

“ಮೊದಲು ನೋಡು, ಆಮೇಲೆ ಓಡಿಸು. ಓಣಂ ರಜೆಗೆ ಬಾ. ಇಲ್ಲಿ ಈಗ ಮಳೆ. ಬೆಟ್ಟದಲ್ಲಿ ಕಾಡುಂಟು, ತೋಡುಂಟು. ನಿನ್ನ ಹಸಿರು ನೊಣ ಅಲ್ಲಿ ರಾಶಿ ಇರಬಹುದು.”

ಮರುಭೂಮಿಯ ದೇಶದಲ್ಲಿ ಮಳೆ, ಕಾಡು, ತೋಡು. ಅಲ್ಲಿ ಉಂಬುಳವೂ ಇರಲಿಕ್ಕಿಲ್ಲ, ಅತ್ತೆಯೂ ಇರುವುದಿಲ್ಲ. ನಾನು ಒಪ್ಪಿಬಿಟ್ಟೆ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, “ಜನ ಗಲ್ಫಿಗೆ ಕೆಲಸ ಹುಡುಕ್ಲಿಕ್ಕೆ ಹೋಗ್ತಾರೆ. ನೊಣ ಹೊಡೀಲಿಕ್ಕೆ ಇಲ್ಲಿ ಜಾಗ ಸಾಲ್ಲಿಲ್ವಾ?” ಎಂದರು.

ಉಪ್ಪಳ

ಗಲ್ಫಿಗೆ ಹೋಗುವ ಸುದ್ದಿಯನ್ನು ಗುಟ್ಟಾಗಿ ಇಡಬೇಕಿತ್ತು. ನಾನು ಉಪ್ಪಳದ ಪೇಟೆಗೆ ಹೋಗಿ ಚಕ್ರದ ಪೆಟ್ಟಿಗೆಯೊಂದನ್ನು ಕೊಂಡೆ. ಅಷ್ಟೇ ಸಾಕಾಯಿತು. ಪೆಟ್ಟಿಗೆ ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು.

ನಮ್ಮಲ್ಲಿ ಒಬ್ಬರು ಗಲ್ಫಿಗೆ ಹೊರಟರೆಂದರೆ ಊರೇ ಅವರ ಕೈಯಲ್ಲಿ ಕಟ್ಟು ಕೊಡುತ್ತದೆ. ಕಟ್ಟು ಎಂದರೆ ಅಲ್ಲಿರುವ ಮಗನಿಗೋ ಅಳಿಯನಿಗೋ ತಲುಪಿಸಬೇಕಾದ ಪೊಟ್ಟಣ. ಬೇಡವೆನ್ನುವ ಹಾಗಿಲ್ಲ. ನಾಳೆ ನಮ್ಮ ಕಟ್ಟನ್ನೂ ಅವರು ಒಯ್ಯಬೇಕಲ್ಲ. ಹಲಸಿನ ಹಪ್ಪಳ ಬಂತು, ಮಿಡಿ ಉಪ್ಪಿನಕಾಯಿ ಬಂತು, ಕುಚ್ಚಲಕ್ಕಿ ಬಂತು. ಮೊಗ್ರಾಲಿನ ನಫೀಸಾದ, ಅಂದರೆ ನಫೀಸಕ್ಕ, ಒಣ ಸಿಗಡಿಯ ಕಟ್ಟು ತಂದರು. ಅದರ ವಾಸನೆ ಅವರಿಗಿಂತ ಮೊದಲು ಗೇಟಿನೊಳಗೆ ಬಂದಿತ್ತು.

“ಮಗ ಸಲಾಲದಲ್ಲಿ ಇದ್ದಾನಾ ನಫೀಸಾದ?” ಎಂದು ಕೇಳಿದೆ.

“ಅಲ್ಲ ಟೀಚರ್, ಕುವೈತಲ್ಲಿ.”

“ನಾನು ಹೋಗುವುದು ಸಲಾಲಕ್ಕೆ!”

“ಗೊತ್ತುಂಟು. ಅಲ್ಲಿವರೆಗೆ ಹೋದವರಿಗೆ ಕುವೈತ್ ಎಂತ ದೂರ?”

ಪೆಟ್ಟಿಗೆಯಲ್ಲಿ ನನ್ನ ಸಾಮಾನಿಗೆ ಉಳಿದದ್ದು ಒಂದು ಮೂಲೆ. ಅಲ್ಲಿ ಭೂತಗನ್ನಡಿ, ಮುಚ್ಚಳವಿರುವ ಸಣ್ಣ ಗಾಜಿನ ನಳಿಗೆಗಳು, ಒದ್ದೆ ಕಲ್ಲಿನ ಮೇಲೆ ಹಾಸಿ ಕೂರಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟೆ. ಸೀರೆಗಳನ್ನು ಹೊರಗೆ ತೆಗೆದು ಚೂಡಿದಾರ್ ಮಾತ್ರ ತುಂಬಿಸಿದೆ.

ವಿಮಾನ ನಿಲ್ದಾಣ

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ತೆರೆಸಿದರು. ಉತ್ತರದ ಕಡೆಯ ಅಧಿಕಾರಿ ಖಾಲಿ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಇದು ಯಾವುದಕ್ಕೆ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಹಿಂದಿ ಶಾಲೆಯಲ್ಲಿ ಕಲಿತಷ್ಟೇ.

“ನೊಣಕ್ಕೆ,” ಎಂದೆ.

“ಇಲ್ಲಿಂದ ನೊಣ ತೆಗೆದುಕೊಂಡು ಹೋಗುತ್ತಿದ್ದೀರಾ?”

“ಇಲ್ಲ, ನೋಡಿ, ಖಾಲಿ.”

“ಹಾಗಾದರೆ ಅಲ್ಲಿಂದ ತರುತ್ತೀರಾ?”

“ಇಲ್ಲ. ಹಿಡಿದು, ನೋಡಿ, ಅಲ್ಲೇ ಬಿಡುತ್ತೇನೆ.”

ಅವರು ನಳಿಗೆ ಬಿಟ್ಟು ನನ್ನ ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಹಿಡಿದದ್ದನ್ನು ಬಿಟ್ಟುಬಿಡಲು ಅಷ್ಟು ದೂರ ಹೋಗುವ ಹೆಂಗಸನ್ನು ಅವರ ಇಲಾಖೆ ಹಿಂದೆ ಕಂಡಿರಲಿಕ್ಕಿಲ್ಲ. ಇನ್ನೇನೋ ಕೇಳುವುದಿತ್ತೆಂದು ಕಾಣುತ್ತದೆ. ಅಷ್ಟರಲ್ಲಿ ಅವರ ಕೈ ನಫೀಸಾದರ ಕಟ್ಟಿನ ಮೇಲೆ ಬಿತ್ತು. ಕಟ್ಟನ್ನು ಮೂಗಿನ ಹತ್ತಿರ ತಂದವರು ತಕ್ಷಣ ಪೆಟ್ಟಿಗೆ ಮುಚ್ಚಿ, ಹೋಗಿ ಹೋಗಿ ಎಂದು ಕೈಬೀಸಿದರು. ಒಣ ಸಿಗಡಿಯ ಬಗ್ಗೆ ನನಗೆ ಮೊದಲ ಬಾರಿ ಗೌರವ ಹುಟ್ಟಿತು.

ಸಲಾಲ

ಮಸ್ಕತ್ತಿನಲ್ಲಿ ವಿಮಾನ ಬದಲಿಸಿ ಸಲಾಲದಲ್ಲಿ ಇಳಿದಾಗ ತುಂತುರು ಮಳೆ. ರಸ್ತೆಯ ಬದಿಯಲ್ಲಿ ತೆಂಗಿನ ಮರ, ಬಾಳೆತೋಟ, ಎಳನೀರು ಮಾರುವ ಗೂಡಂಗಡಿ. ಅಷ್ಟು ಹೊತ್ತು ಆಕಾಶದಲ್ಲಿ ಕೂತು ಕೊನೆಗೆ ನಮ್ಮೂರ ಪಕ್ಕದ ಕುಂಬಳೆಗೆ ಬಂದಿಳಿದ ಹಾಗಾಯಿತು. ಇಷ್ಟಕ್ಕೆ ಪಾಸ್‌ಪೋರ್ಟ್ ಬೇಕಿತ್ತೇ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

ಅಬ್ಬಾಸಿಚ್ಚ, ಅಂದರೆ ಅಬ್ಬಾಸಣ್ಣ, ಅಂಗಡಿಯ ಬಾಗಿಲಲ್ಲೇ ಕಾದಿದ್ದರು. ಊರಿನಲ್ಲಿ ದೊಡ್ಡ ದನಿಯವರು. ಈಗ ಕಣ್ಣು ಒಳಗೆ ಹೋಗಿ, ಕೈಯಲ್ಲಿ ನೊಣ ಹೊಡೆಯುವ ಬ್ಯಾಟು ಹಿಡಿದು, ಮಾತಿನ ಮಧ್ಯೆ ಸುಮ್ಮಸುಮ್ಮನೆ ಗಾಳಿಗೆ ಬೀಸುತ್ತಿದ್ದರು. ನನ್ನನ್ನು ಕೂರಿಸುವ ಮೊದಲೇ ಗಲ್ಲೆಯ ಪಕ್ಕದ ಗೋಡೆ ತೋರಿಸಿದರು. ಕೈತೊಳೆಯುವ ತೊಟ್ಟಿಯ ಮೇಲೆ ಬೂದು ಬಣ್ಣದ, ಮೈತುಂಬ ಕೂದಲಿನ ಪುಟ್ಟ ಹುಳಗಳು ರೆಕ್ಕೆ ಅಗಲಿಸಿ ಕೂತಿದ್ದವು.

“ಇದು ಮನೆನೊಣ ಅಲ್ಲ ಅಬ್ಬಾಸಿಚ್ಚ. ಬಚ್ಚಲ ನೊಣ. ಕೊಳೆನೀರು ನಿಂತಲ್ಲಿ ಇದರ ಮರಿ ಆಗ್ತದೆ. ಇದನ್ನು ಹೊಡೆದು ಮುಗಿಸ್ಲಿಕ್ಕೆ ಆಗುದಿಲ್ಲ. ನೀರು ಎಲ್ಲಿ ನಿಲ್ತದೆ ನೋಡ್ಬೇಕು. ನಿಮ್ಮ ತೊಟ್ಟಿಯ ನೀರು ಎಲ್ಲಿಗೆ ಹೋಗ್ತದೆ?”

“ನೀರೆಲ್ಲ ಸರಿಯಾಗಿ ಹೋಗ್ತದೆ ಟೀಚರ್,” ಎಂದು ಅವರು ಬ್ಯಾಟನ್ನು ಎಡಗೈಗೆ ಬದಲಿಸಿದರು. “ನೀವು ಮೊದ್ಲು ಚಾ ಕುಡೀರಿ.”

ಚಾ ಬಂತು. ಇಲ್ಲಿನವರು ಏಲಕ್ಕಿ ಹಾಕಿ ಹಾಲನ್ನು ಕುದಿಸಿ ಕುದಿಸಿ ಪಾಯಸದ ದಪ್ಪಕ್ಕೆ ತಂದು ಅದಕ್ಕೆ ಕರಕ್ ಎನ್ನುತ್ತಾರೆ. ಗಿರಾಕಿಗಳು ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಹಾರನ್ ಹೊಡೆದರೆ ಚಾ ಕಿಟಕಿಗೆ ಹೋಗಬೇಕು. ಉಪ್ಪಳದಲ್ಲಿ ಹಾಗೆ ಮಾಡಿದರೆ ಚಾ ಬದಲಿಗೆ ಬೇರೆಯೇ ಏನಾದರೂ ಕಿಟಕಿಗೆ ಬಂದೀತು.

ಬೆಟ್ಟದ ತೊರೆ

ಮರುದಿನ ಕದೀಜ ನನ್ನನ್ನು ಕಾರಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಮಂಜು ಮುಸುಕಿದ ಹಸಿರು ಬೆಟ್ಟ, ಗಿಡ್ಡ ಮರಗಳ ಕಾಡು, ಬಂಡೆಯ ಬುಡದಿಂದ ಉಕ್ಕುವ ಒರತೆ, ಅದರಿಂದ ಹರಿಯುವ ತಿಳಿಯಾದ ತೊರೆ. ವರ್ಷದಲ್ಲಿ ಕೆಲವೇ ವಾರ ಈ ಚಂದ, ಆಮೇಲೆ ಎಲ್ಲ ಕಂದು ಎಂದಳು. ಅದಕ್ಕೇ ಸುಡುವ ಊರುಗಳಿಂದ ಜನ ಕುಟುಂಬ ಸಮೇತ ಮಳೆ ನೋಡಲು ಬರುತ್ತಾರೆ. ನಮ್ಮಲ್ಲಿ ಮಳೆ ಬಂದರೆ ಅಂಗಳದ ಬಟ್ಟೆ ತೆಗೆಯಲು ಓಡುತ್ತೇವೆ. ಇಲ್ಲಿ ಮಳೆ ಬಂದರೆ ರತ್ನಗಂಬಳಿ ಹಿಡಿದುಕೊಂಡು ಹುಲ್ಲಿಗೆ ಓಡುತ್ತಾರೆ. ಗಂಬಳಿಯ ಮೇಲೆ ಅಜ್ಜ, ಅಜ್ಜಿ, ಮಕ್ಕಳು, ಚಹಾದ ಫ್ಲಾಸ್ಕಿನ ಸಮೇತ ಎಲ್ಲರೂ ನೆನೆಯುತ್ತಾ ಕೂತಿರುತ್ತಾರೆ. ಕೊಡೆ ಇದ್ದರೂ ಬಿಡಿಸುವುದಿಲ್ಲ. ನಮ್ಮ ಜೂನ್ ತಿಂಗಳನ್ನು ಇವರಿಗೆ ಒಮ್ಮೆ ತೋರಿಸಬೇಕು ಎನಿಸಿತು.

ನಾನು ಜನ ಕಡಿಮೆ ಇರುವ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ, ಹೊಟ್ಟೆ ಕೆಳಗಾಗಿ ಮಲಗಿ, ಭೂತಗನ್ನಡಿ ಹಿಡಿದೆ. ಬಹಳ ಹೊತ್ತು ಬೇಕಾಗಲಿಲ್ಲ. ಪಾಚಿಗಟ್ಟಿದ ಕಲ್ಲಿನ ಅಂಚಿನಲ್ಲಿ ಉದ್ದಕಾಲಿನ ಹಸಿರು ನೊಣ ಒಂದು ಬಂದು ನಿಂತಿತು. ಹೊಟ್ಟೆಯ ತುದಿ ಮಡಚಿಕೊಂಡಿತ್ತು. ಗಂಡು. ಮುಂಗಾಲಿನ ತುದಿ ಬಿಳಿ! ನಮ್ಮ ತೋಡಿನದಕ್ಕೆ ತೀರಾ ಹತ್ತಿರದ ನೆಂಟ. ನನಗೆ ಕೂಗಿಬಿಡಬೇಕೆನಿಸಿತು. ಉಸಿರು ಹಿಡಿದುಕೊಂಡು ಹೆಣ್ಣು ಬರಲಿ ಎಂದು ಕಾದೆ.

ಹೆಣ್ಣು ಬರಲಿಲ್ಲ, ಒಂದು ಕುಟುಂಬ ಬಂತು. ಬಿಳಿ ಉಡುಪಿನ ಯಜಮಾನರು ನನ್ನ ಪಕ್ಕ ಕೂತು ಅರಬಿಯಲ್ಲಿ ಏನೋ ಕೇಳಿದರು. ನಾನು ಮಾತಾಡದೆ ಬೆರಳಿನಿಂದ ಕಲ್ಲು ತೋರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಹಿಂದಕ್ಕೆ ತಿರುಗಿ ಏನೋ ಹೇಳಿದರು. ಕ್ಷಣದಲ್ಲಿ ಅವರ ಹೆಂಡತಿ, ತಂಗಿಯರು, ಮಕ್ಕಳು ಎಲ್ಲ ತೊರೆಗೆ ಇಳಿದರು. ಬಟ್ಟೆಯ ಅಂಚನ್ನು ಎತ್ತಿ ಹಿಡಿದು, ಮೊಬೈಲಿನ ಟಾರ್ಚು ಹಾಕಿ, ಒಂದೊಂದೇ ಕಲ್ಲು ಎತ್ತಿ ನೋಡತೊಡಗಿದರು. ನನ್ನ ನೊಣ ಯಾವಾಗಲೋ ಹೋಗಿತ್ತು. ಮುದುಕಿಯೊಬ್ಬರು ನನ್ನ ಬೆನ್ನು ಸವರುತ್ತಾ ಸಮಾಧಾನ ಹೇಳುತ್ತಿದ್ದರು. ಏನೆಂದು ಅರ್ಥವಾಗದಿದ್ದರೂ ನನಗೆ ಅಳು ಬರುವಷ್ಟು ಪ್ರೀತಿ ಅದರಲ್ಲಿತ್ತು.

ಕದೀಜ ಚಹಾದ ಲೋಟ ಹಿಡಿದು ಓಡಿ ಬಂದಳು. “ನಿನ್ನ ಚಿನ್ನದ ಉಂಗುರ ನೀರಿಗೆ ಬಿತ್ತು ಅಂತ ತಿಳ್ಕೊಂಡಿದ್ದಾರೆ ಮಾರಾಯ್ತಿ!”

“ಉಂಗುರ ಅಲ್ಲ, ನೊಣ ಅಂತ ಹೇಳು.”

ಅವಳು ಹೇಳಿದಳು. ತೊರೆಯಲ್ಲಿ ನಿಂತ ಅಷ್ಟೂ ಜನ ಎತ್ತಿದ ಕಲ್ಲುಗಳನ್ನು ಕೆಳಗಿಟ್ಟರು. ಯಜಮಾನರು ಕದೀಜಳನ್ನು ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ನೊಣ ಎಂದೇ ಹೇಳಿದಳು. ಅವರು ನನ್ನ ಕಡೆ ತುಂಬ ಕರುಣೆಯಿಂದ ನೋಡಿ, ಗಂಬಳಿಯ ಮೇಲೆ ಕೂರಿಸಿ, ಖರ್ಜೂರ ಕೊಟ್ಟರು. ಹೊರಡುವಾಗ ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಯಾವ ಕಾಯಿಲೆ ವಾಸಿಯಾಗಲೆಂದು ಮಾಡಿದರೋ ನಾನು ಕೇಳಲಿಲ್ಲ.

ಅದೇ ತೊರೆ, ಒಂಟೆ

ಮಾರನೆಯ ದಿನ ಬೆಳಿಗ್ಗೆಯೇ ಹೋದೆವು. ಜನ ಇರಲಿಲ್ಲ. ಅಂದು ಕೆಸರಿನ ಅಂಚಿನಲ್ಲಿ ಬೇರೆ ಬೇಟೆಗಾರನನ್ನು ಕಂಡೆ. ಬೂದು ಬಣ್ಣ, ನೋಡಲು ಸಾಧಾರಣ ಮನೆನೊಣದ ಹಾಗೆ. ಆದರೆ ಭೂತಗನ್ನಡಿಯಲ್ಲಿ ಅದರ ಬಾಯಿಯ ಬದಿಗೆ ಎರಡು ಪುಟ್ಟ ಬೆಳ್ಳಿ ಚಮಚಗಳಂಥವು ಕಾಣುತ್ತವೆ. ಗುರುತಿಗೆ ಅಷ್ಟು ಸಾಕು. ಅದು ನೀರಿನ ಅಂಚಿನಲ್ಲೇ ನಡೆಯುತ್ತಾ ಬಂದು, ಥಟ್ಟನೆ ಮುಖ ಅದ್ದಿ, ಸೊಳ್ಳೆಮರಿಯೊಂದನ್ನು ಎಳೆದು ತೆಗೆಯಿತು. ಮರಿ ಬಾಗುತ್ತದೆ, ಇದು ಬಿಡುವುದಿಲ್ಲ. ನಾನು ಕದೀಜಳಿಗೂ ಭೂತಗನ್ನಡಿ ಕೊಟ್ಟೆ. “ಎಂತ ಸಾವು ಮಾರಾಯ್ತಿ, ಇಷ್ಟು ಚಿಕ್ಕದಕ್ಕೆ ಇಷ್ಟು ಹಟವಾ!” ಎಂದು ಅವಳೂ ಹೊಟ್ಟೆ ಕೆಳಗಾಗಿ ಮಲಗಿದಳು.

ಆಚೆ ಕಲ್ಲಿನಲ್ಲಿ ಬಿಳಿ ಪಾದದ ಗಂಡು ಬಂತು. ಅದರ ಎದುರಿಗೇ ಹೆಣ್ಣು. ಗಂಡು ಒಂದು ಪಾದ ಎತ್ತಿತು. ಅಷ್ಟರಲ್ಲಿ ನನ್ನ ಕುತ್ತಿಗೆಯ ಮೇಲೆ ಬಿಸಿಯಾದ ಉಸಿರು ಬಿತ್ತು. ಕದೀಜ ಎಂದುಕೊಂಡು, “ಸ್ವಲ್ಪ ಆಚೆ ಹೋಗು,” ಎಂದೆ. ಹೋಗಲಿಲ್ಲ. ತಿರುಗಿ ನೋಡಿದರೆ ದೊಡ್ಡ ತುಟಿಯ ಒಂಟೆ. ಅದರ ಹಿಂದೆ ಇನ್ನೊಂದಷ್ಟು. ಇಲ್ಲಿ ಒಂಟೆಗಳು ನಮ್ಮ ದನಗಳಂತೆ ಮೇಯಲು ಬರುತ್ತವೆ. ಅದು ನನ್ನನ್ನು ದಾಟಿ ಕತ್ತು ಚಾಚಿ, ನನ್ನ ನೊಣಗಳಿದ್ದ ಕಲ್ಲಿನ ಬುಡದಲ್ಲೇ ಬಾಯಿಯಿಟ್ಟು ಗುಟುಗುಟನೆ ಕುಡಿಯಿತು. ಇಡೀ ತೊರೆಯಲ್ಲಿ ಬೇರೆಲ್ಲೂ ಅದಕ್ಕೆ ನೀರು ಕಾಣಲಿಲ್ಲ. ಹೋಗುವಾಗ ಪ್ಲಾಸ್ಟಿಕ್ ಹಾಳೆಯ ಅಂಚನ್ನೂ ರುಚಿ ನೋಡಿ ಹೋಯಿತು. ನಾನು ಉಂಬುಳದ ಮೇಲೆ ಹೊರಿಸಿದ್ದ ಆರೋಪಗಳನ್ನೆಲ್ಲ ಮನಸ್ಸಿನಲ್ಲೇ ಹಿಂದಕ್ಕೆ ಪಡೆದೆ.

ಅಂಗಡಿಯ ಹಿಂದೆ

ಬೇಸರದಿಂದ ವಾಪಸ್ಸು ಬಂದು, ಕೆಸರಾದ ಚಪ್ಪಲಿ ತೊಳೆಯಲು ಅಂಗಡಿಯ ಹಿಂಬಾಗಿಲು ತೆರೆದೆ. ಅಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವಿನ ಇಕ್ಕಟ್ಟಿನಲ್ಲಿ ಒಂದು ಬಾಳೆ. ಸೊಂಪಾಗಿ ಬೆಳೆದು, ಗೊನೆ ಹಾಕಿತ್ತು. ಬುಡದಲ್ಲಿ ಕಪ್ಪು ಕೆಸರು. ಕೆಸರಿಗೆ ಬಂದು ಬೀಳುವ ಒಂದು ಪೈಪು. ಪೈಪಿನ ಇನ್ನೊಂದು ತುದಿ ಗೋಡೆಯ ಮೂಲಕ ಒಳಗಿನ ಕೈತೊಳೆಯುವ ತೊಟ್ಟಿಗೆ ಹೋಗಿತ್ತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಚ್ಚಲ ನೀರನ್ನು, ಪಾತ್ರೆ ತೊಳೆದ ನೀರನ್ನು ಬಾಳೆಬುಡಕ್ಕೆ ಬಿಡದ ಮನೆ ನಮ್ಮ ಕಡೆ ಒಂದಾದರೂ ಇದೆಯೇ? ಮಂಗಲ್ಪಾಡಿಯಲ್ಲಿ ಅದು ಬುದ್ಧಿವಂತಿಕೆ. ಊಟದ ಅಂಗಡಿಯ ಹಿಂದೆ ಅದೇ ಕೆಲಸ ಶಟರ್ ಎಳೆಸುತ್ತದೆ. ಬಗ್ಗಿ ನೋಡಿದೆ. ಕೆಸರಿನ ತುಂಬ ಬಚ್ಚಲ ನೊಣದ ಮರಿಗಳು. ಜೊತೆಗೆ, ಯಾರೂ ಕರೆಯದೆ ತಾವಾಗಿ ಬಂದಿದ್ದ ನನ್ನ ಹಸಿರು ನೊಣಗಳು, ಬಾಳೆಯ ಸಿಪ್ಪೆಯ ಮೇಲೆ ಎದೆಯೆತ್ತಿ ನಿಂತಿದ್ದವು.

“ಅಬ್ಬಾಸಿಚ್ಚ!” ಎಂದು ಕರೆದೆ.

ಅವರು ಬಂದು ಪೈಪು ನೋಡಿದರು, ನನ್ನನ್ನು ನೋಡಿದರು, ಗೊನೆ ನೋಡಿದರು.

“ಈ ಪೈಪ್ ತೆಗೀಬೇಕು. ಇವತ್ತೇ.”

“ನೀರು ಪೊಕ್ಕಡೆ ದಂಡ ಆಗಿ ಹೋಗ್ತದಲ್ಲ ಟೀಚರ್. ಬಾಳೆ ಎದುರಲ್ಲಿರುವಾಗ ನೀರನ್ನು ಗಟಾರಕ್ಕೆ ಬಿಡ್ಲಿಕ್ಕೆ ಮನಸ್ಸು ಬರ್ತದಾ? ನಿಮ್ಮ ಮನೆಯಲ್ಲಿ ಬಿಡ್ತೀರಾ?”

ಬಿಡುವುದಿಲ್ಲ. ಅಷ್ಟರಲ್ಲಿ ಹಸಿರು ನೊಣವೊಂದು ಕೆಸರಿನಿಂದ ಮರಿಯೊಂದನ್ನು ಹಿಡಿದೆತ್ತಿತು. ಕಲಿಸುವವರ ಬಾಯಿ ಸುಮ್ಮನಿರುವುದಿಲ್ಲ. ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು ಪಾಠ ಶುರು ಮಾಡಿದೆ. ಇದು ಬೇಟೆಯ ನೊಣ, ಇದು ಬಚ್ಚಲ ನೊಣದ ಮರಿಯನ್ನು ತಿನ್ನುತ್ತದೆ, ನೆರಳು ಬೀಳಿಸದೆ ಮೆಲ್ಲಗೆ ಮುಚ್ಚಿದರೆ ನಳಿಗೆಯಲ್ಲಿ ಹಿಡಿಯಬಹುದು ಎಂದು ಹಿಡಿದೂ ತೋರಿಸಿದೆ.

“ಇದು ಅದನ್ನು ತಿನ್ತದಾ?” ಅಬ್ಬಾಸಿಚ್ಚನ ಮುಖ ಅರಳಿತು.

“ತಿನ್ತದೆ. ಆದ್ರೆ ಪೈಪ್ ತೆಗೀಲೇಬೇಕು.”

“ನೋಡುವ ಟೀಚರ್, ನೋಡುವ,” ಎಂದರು. ನನ್ನ ತರಗತಿಯ ಹಿಂದಿನ ಬೆಂಚಿನವರು ಮೊದಲ ವಾಕ್ಯ ಕೇಳಿಸಿಕೊಂಡು ಎರಡನೆಯದನ್ನು ಬಿಡುವಾಗಲೂ ಹೀಗೆಯೇ ತಲೆಯಾಡಿಸುತ್ತಾರೆ.

ಬಲದಿಯ ಬಂದ ಬೆಳಿಗ್ಗೆ

ಮರುದಿನ ಬೆಳಿಗ್ಗೆ ಬಲದಿಯದವರು ಈ ಬೀದಿಗೆ ಬರುತ್ತಾರೆಂದು ಪಕ್ಕದ ಸಲೂನಿನವರು ಸುದ್ದಿ ಕೊಟ್ಟರು. ನಾನು ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕದೀಜಳ ಮನೆಯಿಂದ ಇಳಿದು ಬಂದೆ. ಗಾಜಿನ ಬಾಗಿಲ ಮೇಲೆ ಒಂದು ಹಸಿರು ಚುಕ್ಕೆ. ಸಕ್ಕರೆ ಡಬ್ಬಿಯ ಮೇಲೆ ಇನ್ನೊಂದು. ಮೆನು ಬೋರ್ಡಿನ ಮೇಲೆ ಪೊರೋಟದಿಂದ ಹಿಡಿದು ಆಮ್ಲೆಟಿನವರೆಗೆ ಸಾಲಾಗಿ.

“ಅಬ್ಬಾಸಿಚ್ಚ, ಇದೆಂತದ್ದು?”

“ನಿಮ್ಮವೇ ಟೀಚರ್,” ಎಂದು ಅವರು ಹೆಮ್ಮೆಯಿಂದ ಖಾಲಿ ಮೇಯನೇಸ್ ಬಾಟಲಿ ತೋರಿಸಿದರು. “ನೀವು ಹೇಳಿದ ಹಾಗೇ ನೆರಳು ಬೀಳಿಸದೆ ಹಿಡಿದೆ. ಕೆಲಸಕ್ಕೆ ಇಟ್ಟಿದ್ದೇನೆ. ಇನ್ನು ಒಂದು ಬಚ್ಚಲ ನೊಣ ಉಳೀಲಿಕ್ಕಿಲ್ಲ.”

“ಬಲದಿಯದವರಿಗೆ ನೊಣ ಅಂದ್ರೆ ನೊಣ! ಹಸಿರು, ಬೂದು ಅಂತ ಅವರು ನೋಡ್ತಾರಾ?”

ಅಬ್ಬಾಸಿಚ್ಚ ಬಾಟಲಿಯ ಮುಚ್ಚಳ ಹುಡುಕತೊಡಗಿದರು. ಇಪ್ಪತ್ತು ವರ್ಷದ ಅಂಗಡಿಯನ್ನು ಉಳಿಸಲು ಅವರು ತಾವೇ ನೊಣ ಹಿಡಿದು ತಂದು ತುಂಬಿಸಿದ್ದರು. ಹಿಡಿಯುವುದು ಹೇಗೆಂದು ಕಲಿಸಿದವಳು ನಾನೇ ಅಲ್ಲವೇ? ಕದೀಜ ಚಹಾದ ಗ್ಲಾಸುಗಳ ತಟ್ಟೆ ಎತ್ತಿಕೊಂಡು ಬಂದಳು. ನಾವು ಮೂವರೂ ಮೇಜು ಕುರ್ಚಿಗಳ ಮೇಲೆ ಹತ್ತಿ ಗ್ಲಾಸು ಮುಚ್ಚುವುದು, ಕೆಳಗೆ ಕಾಗದ ತೂರಿಸುವುದು, ಹೊರಗೆ ಓಡಿ ಬಿಡುವುದು. ಹೊರಗೆ ಕಾರುಗಳು ಹಾರನ್ ಹೊಡೆಯುತ್ತಿದ್ದವು. ಅಬ್ಬಾಸಿಚ್ಚ ಒಂದು ಕಿಟಕಿಗೆ ಚಹಾದ ಬದಲು ನೊಣದ ಗ್ಲಾಸು ಕೊಟ್ಟು ಬಂದರು. ಆ ಗಿರಾಕಿಯನ್ನು ಮತ್ತೆ ನಾನು ಕಾಣಲಿಲ್ಲ.

ಬಲದಿಯದ ಸಾಹೇಬರು ಒಳಗೆ ಬಂದಾಗ ಅಂಗಡಿ ಶುಭ್ರವಾಗಿತ್ತು. ಗೀರಿಲ್ಲದ ಬಿಳಿ ನಿಲುವಂಗಿ, ಕಸೂತಿಯ ಟೊಪ್ಪಿ, ನಗದ ಮುಖ. ಅಡುಗೆ ಕಟ್ಟೆ ನೋಡಿದರು, ಫ್ರಿಜ್ ನೋಡಿದರು, ತೊಟ್ಟಿಯ ಮೇಲಿನ ಗೋಡೆ ನೋಡಿದರು. ಅದನ್ನು ಕದೀಜ ಆಗಷ್ಟೇ ತಿಕ್ಕಿ ತೊಳೆದಿದ್ದಳು. ಅವರು ಮೇಜಿನ ಮುಂದೆ ಕೂತು ಎಡಗೈಯನ್ನು ಮೇಜಿನ ಮೇಲಿಟ್ಟರು. ಅಬ್ಬಾಸಿಚ್ಚ ಚಾ ತಂದಿಟ್ಟರು. ಆಗ ಮೆನು ಬೋರ್ಡಿನ ಹಿಂದಿನಿಂದ ಎರಡು ಹಸಿರು ಚುಕ್ಕೆಗಳು ಇಳಿದು ಬಂದು ಸಾಹೇಬರ ತೋಳಿನ ಮೇಲೆ ಕೂತವು.

ಅಬ್ಬಾಸಿಚ್ಚ ಕಣ್ಣು ಮುಚ್ಚಿಕೊಂಡರು. ನಾನು ಕಣ್ಣು ಅಗಲಿಸಿದೆ. ಒಂದರ ಹೊಟ್ಟೆಯ ತುದಿ ಮಡಚಿಕೊಂಡಿತ್ತು. ಮುಂಗಾಲು ಬಿಳಿ. ಎದುರಿಗೆ ಹೆಣ್ಣು. ಸಾಹೇಬರು ಕೈ ಕೊಡವಲು ಎತ್ತುತ್ತಿದ್ದರು.

“ಅಲುಗಾಡಬೇಡಿ!” ಎಂದೆ.

ಕನ್ನಡದಲ್ಲೇ ಹೇಳಿದ್ದು, ಒಂಬತ್ತನೇ ಕ್ಲಾಸಿಗೆ ಹೇಳುವ ದನಿಯಲ್ಲಿ. ಆ ದನಿಗೆ ಯಾವ ದೇಶದಲ್ಲೂ ಭಾಷಾಂತರ ಬೇಕಿಲ್ಲ. ಸಾಹೇಬರ ಕೈ ಇದ್ದಲ್ಲೇ ನಿಂತಿತು. ನಾನು ಮಂಡಿಯೂರಿ ಅವರ ತೋಳಿಗೆ ಭೂತಗನ್ನಡಿ ಹಿಡಿದೆ. ಗಂಡು ಬಲಗಡೆಯ ಪಾದ ಎತ್ತಿ ಬೀಸಿತು. ಎಡಗಡೆಯದನ್ನು ಎತ್ತಿ ಬೀಸಿತು. ಹೆಣ್ಣಿನ ಸುತ್ತ ಅಡ್ಡಡ್ಡ ಓಡಿ, ಮತ್ತೆ ಎದುರಿಗೆ ನಿಂತು, ರೆಕ್ಕೆ ನಡುಗಿಸಿ, ಎರಡೂ ಪಾದಗಳನ್ನು ಒಟ್ಟಿಗೆ ಎತ್ತಿತು. ಹೆಣ್ಣು ಒಂದು ಹೆಜ್ಜೆ ಮುಂದೆ ಬಂತು. ಗಂಡು ಹಾರಿ ಅದರ ಬೆನ್ನೇರಿತು. ನಾಗಬನದ ತೋಡಿನಲ್ಲಿ ಇಷ್ಟು ಮಳೆಗಾಲ ಮಂಡಿ ತೇಯ್ದು ಕಾಣದ್ದನ್ನು ಸರಕಾರಿ ತೋಳಿನ ಮೇಲೆ ಪೂರ್ತಿಯಾಗಿ ಕಂಡೆ. ನನ್ನ ಕಣ್ಣಲ್ಲಿ ನೀರು ಬಂತು.

ಸಾಹೇಬರು ತೋಳು ಅಲುಗಿಸದೆ ಇನ್ನೊಂದು ಕೈ ಚಾಚಿದರು. ಭೂತಗನ್ನಡಿ ಕೊಟ್ಟೆ. ಅವರೂ ನೋಡಿದರು. ಬಹಳ ಹೊತ್ತು ನೋಡಿದರು. ಜೋಡಿ ಹಾರಿಹೋದ ಮೇಲೆ ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿ, ಕದೀಜಳ ಕಡೆ ತಿರುಗಿ ಒಂದೇ ಮಾತು ಕೇಳಿದರು.

“ಇವು ಎಲ್ಲಿಂದ ಬಂದವು ಅಂತ ಕೇಳ್ತಾರೆ,” ಎಂದಳು ಕದೀಜ, ಸಣ್ಣ ದನಿಯಲ್ಲಿ.

ಅಬ್ಬಾಸಿಚ್ಚ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಬೆಟ್ಟದ ತೊರೆಯಿಂದ ಎಂದು ಹೇಳಿದ್ದರೆ ಮುಗಿಯುತ್ತಿತ್ತೋ ಏನೋ. ಕದೀಜ ನೇರ ಹೋಗಿ ಹಿಂಬಾಗಿಲು ತೆರೆದಳು.

ಸಾಹೇಬರು ಬಾಳೆ ನೋಡಿದರು, ಕೆಸರು ನೋಡಿದರು, ಪೈಪಿನ ಜಾಡು ಹಿಡಿದು ಗೋಡೆಯವರೆಗೆ ಕಣ್ಣು ಓಡಿಸಿದರು. ಯಾರು ಹಾಕಿದ್ದು ಎಂದು ಕೇಳಿರಬೇಕು. ಅಬ್ಬಾಸಿಚ್ಚ ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಸಾಹೇಬರು ಗೊನೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದರು. ಕದೀಜ ಅದನ್ನು ಕನ್ನಡಕ್ಕೆ ತಂದಳು.

“ಅವರ ಅಜ್ಜಿಯೂ ಪಾತ್ರೆ ತೊಳೆದ ನೀರನ್ನು ಬಾಳೆಗೇ ಬಿಡ್ತಿದ್ದರಂತೆ. ಆದ್ರೆ ಅಜ್ಜಿ ಚಾ ಮಾರ್ತಿರ್ಲಿಲ್ಲ ಅಂತಾರೆ.”

ಪೈಪನ್ನು ಆಗಲೇ, ಅವರ ಎದುರಿಗೇ ತೆಗೆಯಬೇಕು. ಕೆಸರನ್ನು ಬಾಚಿ ಒಣ ಮಣ್ಣು ಹಾಕಬೇಕು. ತೊಟ್ಟಿಯ ನೀರನ್ನು ಚರಂಡಿಗೆ ಸೇರಿಸಬೇಕು. ಬಾಳೆ ಇರಬಹುದು. ಶಟರ್ ಎಳೆಯುವುದಿಲ್ಲ. ಅಬ್ಬಾಸಿಚ್ಚ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಅದು ಕೊನೆಯ ಸಲ ಗೊಳಗೊಳ ಎಂದು ಸದ್ದು ಮಾಡಿತು. ಸಾಹೇಬರು ಬಿಸಿ ಚಾ ತರಿಸಿ ಕುಡಿದು ಹೋದರು. ಕದೀಜ ಮೂಲೆಯ ಕುರ್ಚಿಯಲ್ಲಿ ಕೂತು, ಅಷ್ಟು ದಿನದ ಅಳುವನ್ನೆಲ್ಲ ಒಮ್ಮೆಗೇ ಅತ್ತುಬಿಟ್ಟಳು.

ನಾನು ಹೊರಡುವ ದಿನ ಚಪ್ಪಲಿ ತರಲು ಹಿಂಬಾಗಿಲಿಗೆ ಹೋದೆ. ತೊಟ್ಟಿಯ ಮೇಲಿನ ಗೋಡೆಯಲ್ಲಿ ಒಂದು ಬಚ್ಚಲ ನೊಣವೂ ಇರಲಿಲ್ಲ. ಹೊರಗೆ ಅಬ್ಬಾಸಿಚ್ಚ ಬಕೆಟ್ ಹಿಡಿದು ಬಾಳೆಗೆ ನೀರು ಹಾಕುತ್ತಿದ್ದರು. ನಳ್ಳಿಯಿಂದ ಹಿಡಿದ, ಕುಡಿಯುವಂಥ ಶುದ್ಧ ನೀರು. ನನ್ನನ್ನು ಕಂಡೊಡನೆ ಬಕೆಟನ್ನು ಬೆನ್ನ ಹಿಂದೆ ಮರೆಮಾಡಿ, ಆಚೀಚೆ ನೋಡಿ ಹತ್ತಿರ ಬಂದರು.

“ಟೀಚರ್, ಒಂದು ಉಪಕಾರ ಮಾಡ್ಬೇಕು. ಬಲದಿಯದವರು ಬೈದದ್ದು ಬೇಕಾದ್ರೆ ಹೇಳಿ, ನೊಣ ತುಂಬಿಸಿದ್ದೂ ಹೇಳಿ. ನಾನು ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಟ್ಟು ಬಾಳೆಗೆ ನಳ್ಳಿ ನೀರು ಹಾಕ್ತಿದ್ದೇನೆ ಅಂತ ಮಾತ್ರ ಊರಲ್ಲಿ ಯಾರಿಗೂ ಹೇಳ್ಬೇಡಿ. ನಾಳೆ ಅಲ್ಲಿಗೆ ಬಂದ್ರೆ ತಲೆ ಎತ್ತಿ ನಡೀಲಿಕ್ಕುಂಟು.”

ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೇನೆ. ಓದಿದವರು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.